ಹಿರಿಯ ಸದಸ್ಯರ ಹೆಸರಿನಲ್ಲಿ ಕೂಟಕ್ಕೆ ನಿವೇಶನ ಕೊಳ್ಳಬಹುದೇ?

ಕೊಳ್ಳಬೇಡಿ. ಇನ್ನೂ ನೋಂದಣಿಯಾಗದ ಸಹೋದರ ಕೂಟ (ಸದಸ್ಯರು ಸಹೋದರರಂತೆ ಸೇರಿ ತಮ್ಮದೇ ವಿಧಿಗಳನ್ನು ನಡೆಸುವ ಸಂಘ), ಹೋಟೆಲ್ ಸಭಾಂಗಣದ ಬಾಡಿಗೆಯಿಂದ ಬೇಸತ್ತ ಸದಸ್ಯರು, ಅಗ್ಗಕ್ಕೆ ಸಿಗುತ್ತಿರುವ ನಿವೇಶನ, ಸದ್ಯಕ್ಕೆ ಹಿರಿಯರೊಬ್ಬರ ಹೆಸರಿನಲ್ಲಿ ಕೊಂಡು ಆಮೇಲೆ ವರ್ಗಾಯಿಸಿಕೊಳ್ಳುವ ಯೋಚನೆ. ನೀವು ಬರೆದಿರುವುದು ತುಮಕೂರಿನ ನಮ್ಮ ಕೂಟದ ಹಳೆಯ ನಡಾವಳಿ ಪುಸ್ತಕದ ನಕಲಿನಂತಿದೆ.

ಆಗ ನಾನು ಖಜಾಂಚಿ. ಅಶೋಕ ರಸ್ತೆಯ ಹತ್ತಿರ ಸದಸ್ಯರೊಬ್ಬರ ಮಳಿಗೆಯ ಮಹಡಿಯಲ್ಲಿ ಸೇರುತ್ತಿದ್ದೆವು. ಕೆಳಗೆ ಕೊಬ್ಬರಿ ಮೂಟೆ, ಮೇಲೆ ನಾವು. ಬಾಡಿಗೆ ಹೆಸರಿಗೆ ಮಾತ್ರ. ಆದರೆ ನಮ್ಮ ವಿಧಿಗಳಿಗೆ ಬಾಗಿಲು ಹಾಕಿದ ಕೋಣೆ ಬೇಕು, ಮೂಟೆ ಹೊರುವವರು ಹತ್ತಿ ಇಳಿಯುವ ಕಡೆ ಅದು ಸಾಧ್ಯವಿರಲಿಲ್ಲ. ಬಟವಾಡಿ ಕಡೆ ಒಂದು ನಿವೇಶನ ಇದೆ ಎಂದು ಯಾರೋ ಹೇಳಿದರು. ಚಂದಾ ಎತ್ತಿದೆವು. ಅಧ್ಯಕ್ಷರು ನಿವೃತ್ತ ಮುಖ್ಯೋಪಾಧ್ಯಾಯರು, ಒಂದು ರೂಪಾಯಿಗೂ ಲೆಕ್ಕ ಕೊಡುವ ಮನುಷ್ಯ. ನಿವೇಶನವನ್ನು ಅವರ ಹೆಸರಿಗೆ ನೋಂದಾಯಿಸಿದೆವು.

ಅವರ ಹೆಸರು ಹಾಕಿದ್ದರಿಂದಲೇ ಕೆಟ್ಟೆವು ಎಂದು ಈಗಲೂ ಜನ ಹೇಳುತ್ತಾರೆ. ಅಷ್ಟೇ ಅಲ್ಲ. ಪತ್ರ ಬರಹಗಾರರು ನನ್ನನ್ನೇ ಕೇಳಿದ್ದರು: "ಕೊಳ್ಳುವವರು ಸ್ವಂತಕ್ಕೋ, ಸಂಘದ ಪರವಾಗಿಯೋ?" ನೋಂದಣಿಯಿಲ್ಲದ ಸಂಘದ ಹೆಸರು ಬಂದರೆ ತಕರಾರಾಗುತ್ತದೆ ಎಂದು ಯೋಚಿಸಿ, "ಸಂಘದ ಮಾತು ಪತ್ರದಲ್ಲಿ ಬೇಡ" ಎಂದೆ. ಇವರು ಸದಸ್ಯರ ಹಣದಿಂದ, ಸದಸ್ಯರ ಪರವಾಗಿ, ಧರ್ಮದರ್ಶಿಯಾಗಿ (ಟ್ರಸ್ಟಿಯಾಗಿ) ಕೊಳ್ಳುತ್ತಿದ್ದಾರೆ ಎಂಬ ಒಂದು ವಾಕ್ಯ ಕ್ರಯಪತ್ರಕ್ಕೆ ಸೇರದೇ ಹೋಯಿತು. ಹಣದ ದಾರಿಯೂ ಹಾಗೆಯೇ ಆಯಿತು. ಚಂದಾ ರಸೀದಿಗಳು ಕೂಟದ ಹೆಸರಿನಲ್ಲಿದ್ದವು. ನಗದನ್ನು ಮಾತ್ರ ಅಧ್ಯಕ್ಷರಿಗೆ ಕೊಟ್ಟೆ, ಅವರು ತಮ್ಮ ಖಾತೆಗೆ ಕಟ್ಟಿ ಡಿಡಿ ತೆಗೆಸಿದರು. ಕಾಗದದ ಮೇಲೆ ಅದು ಅವರದೇ ಉಳಿತಾಯ. ನಡಾವಳಿಯಲ್ಲಿ ಅವರ ಸಹಿ ಇತ್ತಲ್ಲ ಎನ್ನುತ್ತೀರಾ? ಇತ್ತು. ಅದರ ಮೇಲೆ "ನಿವೇಶನ ಕೊಳ್ಳಲು ತೀರ್ಮಾನಿಸಲಾಯಿತು" ಎಂದಷ್ಟೇ ಬರೆದಿದ್ದೆವು. ಯಾರ ಹಣದಿಂದ, ಯಾರಿಗಾಗಿ ಎಂಬುದು ಎಲ್ಲರಿಗೂ ಗೊತ್ತಿದ್ದುದರಿಂದ ಯಾರೂ ಬರೆಯಲಿಲ್ಲ.

ಮುಂದೆ ಸಂಘ ನೋಂದಣಿಯಾಯಿತು. ಆಗಲಾದರೂ ದಾನಪತ್ರ ಮಾಡಿಸಬೇಕಿತ್ತು. ಮತ್ತೆ ಮುದ್ರಾಂಕ ಶುಲ್ಕ ಏಕೆ, ಕಟ್ಟಡ ಏಳಲಿ, ಒಟ್ಟಿಗೆ ನೋಡೋಣ ಎಂದು ಮುಂದೂಡಿದೆವು. ಅಷ್ಟರಲ್ಲಿ ಅಧ್ಯಕ್ಷರು ತೀರಿಕೊಂಡರು. ಉಯಿಲು ಇರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಿವೇಶನ ಹೆಂಡತಿ ಮಕ್ಕಳದಾಯಿತು, ನಿವೇಶನದ ಖಾತೆಯೂ ಅವರ ಹೆಸರಿಗೆ ಹೋಯಿತು. ಅವರನ್ನು ಬೈಯಬೇಡಿ. ಅಪ್ಪನ ಹೆಸರಿನ ಕ್ರಯಪತ್ರ, ಅಪ್ಪನ ಬ್ಯಾಂಕ್ ಖಾತೆಯಿಂದ ಹೋದ ಹಣ, ಅವರು ಬೇರೇನನ್ನು ನಂಬಬೇಕು? ವಕೀಲರು ಇನ್ನೊಂದು ಬಾಂಬ್ ಹಾಕಿದರು. 1988ರ ಬೇನಾಮಿ ಕಾಯ್ದೆ, 2016ರಲ್ಲಿ ಇನ್ನೂ ಬಿಗಿಯಾಯಿತು. ಹೆಸರಿಗೆ ಮಾತ್ರ ಮಾಲೀಕರಾದವರಿಂದ ಬೇನಾಮಿ ಆಸ್ತಿಯನ್ನು ಮರಳಿ ಪಡೆಯಲು ದಾವೆ ಹೂಡುವಂತಿಲ್ಲ. ಧರ್ಮದರ್ಶಿಯಂತೆ ನಂಬಿಕೆಯ ಮೇಲೆ ಇಟ್ಟುಕೊಂಡವರಿಗೆ ವಿನಾಯಿತಿ ಇದೆ, ಆದರೆ ಅದನ್ನು ಸಾಬೀತುಪಡಿಸಬೇಕಾದವರು ನಾವು. ಸಾಬೀತಿಗೆ ಬೇಕಾಗಿದ್ದ ಆ ವಾಕ್ಯವನ್ನು ಬೇಡವೆಂದವನು ನಾನು. ಕೊನೆಗೆ ರಸೀದಿಗಳಲ್ಲಿದ್ದ ಮೊತ್ತವನ್ನು ಆ ಮನೆಯವರು ಹಿಂದಿರುಗಿಸಿದರು. ನಿವೇಶನದ ಬೆಲೆ ಅಷ್ಟು ಹೊತ್ತಿಗೆ ಎಲ್ಲಿಗೋ ಹೋಗಿತ್ತು.

ಫ್ರೀಮೇಸನ್‌ಗಳೆಂಬ ಹಳೆಯ ಸಹೋದರ ಕೂಟದವರ ಸಭಾಂಗಣಗಳು ಯಾರ ಹೆಸರಿನಲ್ಲಿರುತ್ತವೆ ಎಂದೂ ಕೇಳಿದ್ದೀರಿ. ಇಂಗ್ಲೆಂಡಿನಲ್ಲಿ ಬಹಳಷ್ಟು ಕಡೆ ಕಟ್ಟಡ ಒಂದು ಪ್ರತ್ಯೇಕ ಕಂಪನಿಯದೋ ಟ್ರಸ್ಟಿನದೋ ಆಗಿರುತ್ತದೆ, ಹಲವು ಲಾಡ್ಜ್‌ಗಳು (ಅವರ ಸ್ಥಳೀಯ ಕೂಟಗಳು) ಅಲ್ಲಿ ಬಾಡಿಗೆದಾರರಂತೆ ಸರದಿಯ ಮೇಲೆ ಸೇರುತ್ತವೆ. ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ಕೆಳಗೆ ಅಂಗಡಿಗಳು, ಮೇಲೆ ಲಾಡ್ಜ್ ಇರುವ ಕಟ್ಟಡಗಳು ಸಾಮಾನ್ಯ. ಅಂಗಡಿ ಬಾಡಿಗೆಯಿಂದ ಮಹಡಿಯ ಖರ್ಚು ಹೊರಡುತ್ತದೆ. ಅಲ್ಲಿಯೂ ಕಟ್ಟಡದ ಲೆಕ್ಕ ನೋಡಲು ಅನೇಕ ಕಡೆ ಬೇರೆಯೇ ಸಂಸ್ಥೆ ಇರುತ್ತದೆ.

ಸ್ವಂತ ಕಟ್ಟಡವಿಲ್ಲದೆ ಕೂಟ ಉಳಿಯುವುದಿಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಲಂಡನ್ನಿನ ನಾಲ್ಕು ಲಾಡ್ಜ್‌ಗಳು 1717ರಲ್ಲಿ ಗ್ರ್ಯಾಂಡ್ ಲಾಡ್ಜ್ ಎಂಬ ತಮ್ಮ ಮೇಲಿನ ಸಂಸ್ಥೆಯನ್ನು ಸ್ಥಾಪಿಸಿದ್ದು 'ಗೂಸ್ ಅಂಡ್ ಗ್ರಿಡೈರನ್' ಎಂಬ ಮದ್ಯದಂಗಡಿಯಲ್ಲಿ. ಗ್ರೇಟ್ ಕ್ವೀನ್ ಸ್ಟ್ರೀಟಿನಲ್ಲಿ ಅವರದೇ ಹಾಲ್ ಸಿದ್ಧವಾದದ್ದು 1776ರಲ್ಲಿ. ಸುಮಾರು ಅರವತ್ತು ವರ್ಷ ಅವರಿಗೆ ಸ್ವಂತ ಸೂರಿರಲಿಲ್ಲ, ಆದರೂ ಗ್ರ್ಯಾಂಡ್ ಲಾಡ್ಜ್ ಉಳಿಯಿತು. 1905ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ರೋಟರಿ ಕ್ಲಬ್, ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸೇರುತ್ತಲೇ ಬೆಳೆಯಿತು. ಕಟ್ಟಡ ಬಂದ ಮೇಲೆ ಸಭೆಯಲ್ಲಿ ಚರ್ಚೆಯಾಗುವುದು ಕಂದಾಯ, ಸೋರುವ ತಾರಸಿ, ಮದುವೆಗೆ ಹಾಲ್ ಕೊಡಬೇಕೇ ಬೇಡವೇ ಎಂಬುದು. ಬಿ.ಎಚ್. ರಸ್ತೆಯ ಹೋಟೆಲೊಂದರ ಸಭಾಂಗಣದಲ್ಲಿ ಸೇರುತ್ತಿರುವ ಇಂದಿನ ನಮ್ಮ ಕೂಟಕ್ಕೆ ಆ ಜಗಳಗಳಿಲ್ಲ. ಊಟವೂ ಅಲ್ಲೇ ಸಿಗುತ್ತದೆ, ಅದು ಸಣ್ಣ ವಿಷಯವಲ್ಲ.

ಆದರೂ ಕಟ್ಟಿಯೇ ತೀರುತ್ತೇವೆ ಎಂದರೆ ಮೊದಲು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಮಾಡಿಸಿ. ಏಳು ಜನ ಸಾಕು. ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನು ನೋಂದಣಾಧಿಕಾರಿಗೆ ಸಲ್ಲಿಸುವುದನ್ನು ಮರೆಯಬೇಡಿ. ಸಂಘದ ಹೆಸರಿನ ಬ್ಯಾಂಕ್ ಖಾತೆಯಿಂದಲೇ ಮಾರುವವರಿಗೆ ಹಣ ಹೋಗಲಿ. ನಿವೇಶನದ ಮೇಲೆ ಸಾಲ, ಅಡಮಾನ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸಿ. ಅಲ್ಲಿಯವರೆಗೆ ಬಾಡಿಗೆಯೇ ಇರಲಿ, ಹನ್ನೊಂದು ತಿಂಗಳ ಕರಾರಾದರೂ ಲಿಖಿತವಾಗಿರಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯಾದರೆ ಅದನ್ನು ನೋಂದಾಯಿಸಲೇಬೇಕು.

ಮುಂಗಡ ಈಗಾಗಲೇ ಕೊಟ್ಟಿದ್ದೀರೋ ಇಲ್ಲವೋ ನೀವು ಬರೆದಿಲ್ಲ. ಕೊಟ್ಟಿದ್ದರೆ ಕರಾರಿನಲ್ಲಿ ಕೊಳ್ಳುವವರು ಎಂದು ಯಾರ ಹೆಸರಿದೆ ಎಂಬುದನ್ನು ಇಂದೇ ನೋಡಿ. ಸಂಘ ನೋಂದಣಿಯಾಗುವವರೆಗೆ ಅವಧಿ ವಿಸ್ತರಿಸಲು ಮಾಲೀಕರನ್ನು ಕೇಳಿ. ಒಪ್ಪದಿದ್ದರೆ ಮುಂಗಡ ಹೋದರೂ ಸರಿ, ಆ ನಿವೇಶನವನ್ನು ಬಿಟ್ಟುಬಿಡಿ.