ಹಳೆಯ ಲಾವಾ ಶಿಲೆಯ ರಾಸಾಯನಿಕ ವಿಶ್ಲೇಷಣೆಯಿಂದ ಅಂದಿನ ಭೂಫಲಕಗಳ ಸ್ಥಿತಿಯನ್ನು ತಿಳಿಯಬಹುದೇ?

ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾವನ್ನು ವಿಶ್ಲೇಷಿಸಿದರೆ, ಅದು ಹೊರಬಂದ ಕಾಲದಲ್ಲಿ ಅಲ್ಲಿ ಒಂದು ಭೂಫಲಕ ಇನ್ನೊಂದರ ಅಡಿಗೆ ಜಾರುತ್ತಿತ್ತೇ ಎಂಬುದು ಗೊತ್ತಾಗುತ್ತದೆಯೇ ಎಂದು ಕೇಳಿದ್ದೀರಿ. ವಿಶ್ಲೇಷಣೆಯೊಂದರಿಂದಲೇ ಗೊತ್ತಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ದಿಂಬಿನ ಆಕಾರವು ಲಾವಾ ನೀರಿನಡಿಯಲ್ಲಿ ತಣಿದದ್ದಕ್ಕೆ ಸಾಕ್ಷಿಯೇ ಹೊರತು ಆ ನೀರು ಎಂತಹ ಜಲರಾಶಿಯದು ಎಂಬುದಕ್ಕಲ್ಲ. 250 ಕೋಟಿ ವರ್ಷಗಳಷ್ಟು ಹಳೆಯ ಶಿಲೆಗಳು ಶಾಖಕ್ಕೂ ಬಿಸಿನೀರಿಗೂ ಸಿಕ್ಕಿ ರೂಪಾಂತರಗೊಂಡಿರುವುದರಿಂದ ಅವುಗಳ ಸೋಡಿಯಂ, ಪೊಟ್ಯಾಸಿಯಂ, ಬೇರಿಯಂ ಪ್ರಮಾಣಗಳನ್ನು ನಂಬುವಂತಿಲ್ಲ. ಭೂರಸಾಯನ ವಿಜ್ಞಾನಿಗಳಾದ ಪಿಯರ್ಸ್ ಮತ್ತು ಕ್ಯಾನ್ 1973ರಲ್ಲಿ ಸುಲಭವಾಗಿ ಕದಲದ ಟೈಟಾನಿಯಂ, ಜಿರ್ಕೋನಿಯಂ ಮತ್ತು ಇಟ್ರಿಯಂಗಳನ್ನು ಆಯ್ದು, ಹುಟ್ಟಿನ ನೆಲೆ ಗೊತ್ತಿರುವ ಈಚಿನ ಬಸಾಲ್ಟ್‌ಗಳ (ಲಾವಾ ತಣಿದು ಆದ ಕಪ್ಪು ಶಿಲೆಗಳ) ಆಧಾರದ ಮೇಲೆ, ಹುಟ್ಟಿನ ನೆಲೆಗಳನ್ನು ಗಡಿ ಎಳೆದು ಬೇರ್ಪಡಿಸುವ ತ್ರಿಕೋನ ನಕ್ಷೆಯೊಂದನ್ನು ರಚಿಸಿದ್ದು ಈ ಕಾರಣಕ್ಕೇ. ಇಂದಿನ ಭೂಮಿಯಿಂದ ಎಳೆದ ಗಡಿಗಳು ಅಷ್ಟು ಹಿಂದಿನ, ಹೆಚ್ಚು ಬಿಸಿಯಾಗಿದ್ದ ಭೂಮಿಗೂ ಹೊಂದುತ್ತವೆ ಎಂಬುದು ಮಾತ್ರ ಊಹೆಯೇ.

ಈಗ ಹೆಚ್ಚು ಬಳಕೆಯಲ್ಲಿರುವುದು ಥೋರಿಯಂ ಮತ್ತು ನಿಯೋಬಿಯಂಗಳ ಹೋಲಿಕೆ. ಮಧ್ಯಸಾಗರದ ಏಣುಗಳ (ಫಲಕಗಳು ದೂರ ಸರಿಯುವ ಕಡೆ ಸಾಗರತಳದಲ್ಲಿ ಏಳುವ ಬೆಟ್ಟಸಾಲುಗಳ) ಸಾಮಾನ್ಯ ಬಸಾಲ್ಟ್‌ನಲ್ಲಿ ನಿಯೋಬಿಯಂ ಥೋರಿಯಂನ ಸುಮಾರು 15ರಿಂದ 20 ಪಟ್ಟು ಇರುತ್ತದೆ. ಕೆಳಕ್ಕಿಳಿಯುವ ಫಲಕದಿಂದ, ಮುಖ್ಯವಾಗಿ ಅದರ ಮೇಲಿನ ಕೆಸರಿನಿಂದ, ಹೊರಡುವ ದ್ರವಗಳು ಥೋರಿಯಂ ಅನ್ನು ಮೇಲಿನ ಮ್ಯಾಂಟಲ್‌ಗೆ, ಅಂದರೆ ಭೂಚಿಪ್ಪಿನ ಅಡಿಯ ಪದರಕ್ಕೆ, ಒಯ್ಯುತ್ತವೆ, ನಿಯೋಬಿಯಂ ಬಹುಮಟ್ಟಿಗೆ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಅಲ್ಲಿ ಹುಟ್ಟುವ ಲಾವಾದಲ್ಲಿ ಈ ಅನುಪಾತ ಕುಸಿದಿರುತ್ತದೆ.

ತೊಡಕಿರುವುದು ಇಲ್ಲಿಯೇ. ಖಂಡದ ಮೇಲ್ಚಿಪ್ಪಿನಲ್ಲಿ ಈ ಎರಡು ಧಾತುಗಳೂ ಹೆಚ್ಚುಕಡಿಮೆ ಸಮನಾಗಿರುವುದರಿಂದ, ಮೇಲೇರುವ ಮ್ಯಾಗ್ಮಾ (ಕರಗಿದ ಶಿಲೆ) ದಾರಿಯಲ್ಲಿ ಆ ಚಿಪ್ಪನ್ನು ಒಂದಿಷ್ಟು ಕರಗಿಸಿಕೊಂಡರೂ ಅದೇ ಕುಸಿತ ಕಾಣಿಸುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖ್ಖನ್ ಲಾವಾದಲ್ಲಿ, ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಕಾಣುವ ಬುಶೆ ಸ್ತರಗಳು ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಯಾವ ಫಲಕವೂ ಕೆಳಕ್ಕಿಳಿಯುತ್ತಿರಲಿಲ್ಲ; ಆದರೂ ಊರಿನ ಹೆಸರು ಹೇಳದೆ ಅದರ ಮಾದರಿಯನ್ನು ಕೈಗಿತ್ತರೆ, ನಕ್ಷೆಯನ್ನಷ್ಟೇ ನಂಬುವವರು ಫಲಕ ಕೆಳಕ್ಕಿಳಿಯುವ ಕಡೆ ಏಳುವ ದ್ವೀಪಮಾಲೆಯ ಜ್ವಾಲಾಮುಖಿಯನ್ನು ಶಂಕಿಸಿಯಾರು.

ಮರಡಿಹಳ್ಳಿಯನ್ನೊಳಗೊಂಡ ಚಿತ್ರದುರ್ಗ ಶಿಲಾಪಟ್ಟಿಯ ಸ್ತರಗಳೂ ತಮಗಿಂತ ಹಳೆಯ ನೈಸ್ ಶಿಲೆಯ (ಖಂಡದ ಚಿಪ್ಪಿನ ರೂಪಾಂತರಿತ ಶಿಲೆಯ) ತಳದ ಮೇಲೆ ಶೇಖರವಾದವು ಎಂಬುದು ಬಹುಕಾಲದಿಂದ ಒಪ್ಪಿತವಾದ ಸಂಗತಿಯಾದ್ದರಿಂದ, ಅಲ್ಲಿ ಈ ಸಂಶಯವನ್ನು ಮೊದಲು ಪರಿಹರಿಸಿಕೊಳ್ಳಬೇಕು. ಒಂದೇ ಲಾವಾ ಸರಣಿಯಲ್ಲಿ ಸಿಲಿಕಾ ಏರಿದಂತೆಲ್ಲ ನಿಯೋಬಿಯಂ–ಥೋರಿಯಂ ಅನುಪಾತವೂ ನಿಯೋಡಿಮಿಯಂ ಐಸೋಟೋಪುಗಳ ಆರಂಭಿಕ ಮೌಲ್ಯವೂ (ಲಾವಾ ಹೊರಬಂದಾಗ ಇದ್ದ ಅನುಪಾತವೂ) ಜೊತೆಜೊತೆಯಾಗಿ ಇಳಿಯುತ್ತಿದ್ದರೆ ಚಿಪ್ಪಿನ ಕಲಬೆರಕೆಯೇ ಕಾರಣವೆನ್ನಬಹುದು. ಮೆಗ್ನೀಸಿಯಂ ಹೆಚ್ಚಿರುವ, ಅಷ್ಟಾಗಿ ಬದಲಾಗದ ಮಾದರಿಗಳಲ್ಲೂ ನಿಯೋಬಿಯಂನ ಕೊರತೆ ಒಂದೇ ಮಟ್ಟದಲ್ಲಿದ್ದರೆ ಅದು ಮ್ಯಾಂಟಲ್‌ನಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. ಈ ಪರೀಕ್ಷೆಯನ್ನು ಮಾಡದೆ ಒಂದೇ ನಕ್ಷೆಯ ಬಲದಿಂದ ಸಾಗರವನ್ನೋ ದ್ವೀಪಮಾಲೆಯನ್ನೋ ಘೋಷಿಸುವ ಪ್ರಬಂಧಗಳನ್ನು ನಾನು ಒಪ್ಪುವುದಿಲ್ಲ.