ಬೀಗ ಹಾಕಬೇಡಿ, ನೋಟಿಸ್ ಕಳಿಸಿ

ಪ್ರಶ್ನೆ: ಯಜಮಾನರು ಹೋದ ಮೇಲೆ ಮಹಡಿ ಮನೆಯ ಬಾಡಿಗೆಯೇ ನನಗೆ ಆಧಾರ. ಬಾಡಿಗೆ 14,000, ಅಡ್ವಾನ್ಸ್ ಒಂದು ಲಕ್ಷ. ಒಂಬತ್ತು ತಿಂಗಳಿಂದ ಒಂದು ಪೈಸೆ ಬಂದಿಲ್ಲ. ಕೇಳಿದರೆ "ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಆಂಟಿ" ಅಂತಾರೆ. ಹನ್ನೊಂದು ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು. ಪೊಲೀಸರು ಇದು ಸಿವಿಲ್ ವಿಷಯ ಅಂತ ವಾಪಸ್ ಕಳಿಸಿದರು. ನೀರು ನಿಲ್ಲಿಸಿ ಬೀಗ ಹಾಕು ಅಂತ ನಾದಿನಿ ಹೇಳುತ್ತಾಳೆ. ಏನು ಮಾಡಲಿ?
(ಹೆಸರು ಬೇಡ, ಬೆಂಗಳೂರು)

ಉತ್ತರ: ನಾದಿನಿಯ ಮಾತೊಂದು ಕೇಳಬೇಡಿ ಅಮ್ಮ. ಕೋರ್ಟ್ ಆದೇಶವಿಲ್ಲದೆ ಹೊರಗೆ ಹಾಕಿದರೆ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಮತ್ತೆ ಅದೇ ಮನೆಗೆ ಬಂದು ಕೂರಬಹುದು. ಆಮೇಲೆ ತಪ್ಪು ನಿಮ್ಮದೇ ಆಗುತ್ತದೆ.

ಲೆಕ್ಕ ನೋಡಿ: ಬಾಕಿ 1,26,000. ಅಡ್ವಾನ್ಸ್ ಪೂರ್ತಿ ಮುರಿದುಕೊಂಡರೂ ಅವರೇ ಇನ್ನೂ 26,000 ಕೊಡಬೇಕು. ಬೆಂಗಳೂರಿನಲ್ಲಿ ಬಾಡಿಗೆ 3,500 ದಾಟಿದ ಮನೆಗೆ 1999ರ ಬಾಡಿಗೆ ಕಾಯಿದೆ ಅನ್ವಯಿಸುವುದಿಲ್ಲ, ಹಾಗಾಗಿ ನಿಮ್ಮದು 1882ರ ಆಸ್ತಿ ವರ್ಗಾವಣೆ ಕಾಯಿದೆಗೆ ಬರುತ್ತದೆ. ಕರಾರು ಮುಗಿದರೂ ಇರಲು ಬಿಟ್ಟಿದ್ದೀರಿ, ಅಂದರೆ ಈಗ ತಿಂಗಳ ಲೆಕ್ಕದ ಬಾಡಿಗೆ. ಅದನ್ನು ಮುಗಿಸಲು 15 ದಿನದ ನೋಟಿಸ್ ಸಾಕು. ಲಾಯರ್ ಕೈಲಿ ಬರೆಸಿ ರಿಜಿಸ್ಟ್ರೇಶನ್ ಸಹಿತ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ತೆಗೆದುಕೊಳ್ಳದೆ ವಾಪಸ್ ಬಂದರೆ ಕವರ್ ಬಿಚ್ಚಬೇಡಿ, ಹಾಗೇ ಎತ್ತಿಡಿ. ಕೋರ್ಟಿನಲ್ಲಿ ಅದೇ ಸಾಕ್ಷಿ.

ಜಾಸ್ತಿ ಜನ ಎಡವುವುದು ಇದರ ನಂತರ. ನೋಟಿಸ್ ಅವಧಿ ಮುಗಿದ ಮೇಲೆ ಅವರು ಸುಮ್ನೆ ಒಂದು ತಿಂಗಳ ದುಡ್ಡು ಫೋನಿನಲ್ಲಿ ಹಾಕುತ್ತಾರೆ, ನೀವು ಪಾಪ ಅಂತ "ಬಾಡಿಗೆ ಬಂತು" ಎಂದು ಉತ್ತರ ಬರೆಯುತ್ತೀರಿ, ಅಲ್ಲಿಗೆ ನೋಟಿಸ್ ಕೈಬಿಟ್ಟರು ಎಂದು ವಾದಿಸಲು ಅವರಿಗೊಂದು ದಾರಿ ಸಿಕ್ಕಿತು! "ಹಳೆ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ, ಮನೆ ಖಾಲಿ ಮಾಡಬೇಕು" ಎಂದೇ ಬರೆಯಿರಿ.

ಲಾಯರ್ ಫೀಸಿನ ಚಿಂತೆಯೇ? ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕೇಸ್ ಹಾಕುವ ಮೊದಲೇ, ರಾಜಿ ಮಾಡಿಸುವ ಲೋಕ ಅದಾಲತ್‌ಗೂ ಅಲ್ಲಿಂದಲೇ ಹೋಗಬಹುದು. ನನ್ನ ಕೇಳಿದರೆ, 26,000 ಬಿಟ್ಟರೂ ಪರವಾಗಿಲ್ಲ, ಖಾಲಿ ಮಾಡುವ ತಾರೀಖು ಬರೆಸಿಕೊಳ್ಳಿ. ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ, ಅಂದರೆ ಕೋರ್ಟ್ ತೀರ್ಪಿನ ಆದೇಶಕ್ಕೆ, ಸಮ, ಅದರ ಮೇಲೆ ಅಪೀಲು ಇಲ್ಲ. ಒಪ್ಪದಿದ್ದರೆ ದಾವೆ ಹಾಕಲೇಬೇಕು. ಬಾಕಿ ಕೇಳಲು ಮೂರು ವರ್ಷದ ಗಡುವಿದೆ, ಸುಮ್ಮನೆ ಕೂರಬೇಡಿ.

ಪ್ರಶ್ನೆ: ನಾಲ್ಕು ವರ್ಷ ಅಲೆದು ಡಿಕ್ರಿ ತಂದೆ ಸರ್. ಆರು ತಿಂಗಳಾಯಿತು, ಬಾಡಿಗೆದಾರ ಅಲ್ಲಾಡಿಲ್ಲ. "ಅಪೀಲು ಹಾಕಿದ್ದೇನೆ" ಅಂತಾನೆ. ಮತ್ತೆ ಡಿಕ್ರಿ ಯಾಕೆ ಬೇಕಿತ್ತು?
(ನಿವೃತ್ತ ಮೇಷ್ಟ್ರು, ಮೈಸೂರು)

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ ಮೇಷ್ಟ್ರೇ. ಆದರೆ ಡಿಕ್ರಿ ಆಯಿತು ಅಂತ ಕೋರ್ಟು ತಾನಾಗಿ ಬಂದು ಖಾಲಿ ಮಾಡಿಸುವುದಿಲ್ಲ. ಅದಕ್ಕೆ ಬೇರೆಯೇ ಎಕ್ಸಿಕ್ಯೂಶನ್ ಅರ್ಜಿ (ಡಿಕ್ರಿ ಜಾರಿ ಮಾಡಿಸುವ ಅರ್ಜಿ) ಹಾಕಬೇಕು, ಹಾಕಿದ್ದೀರಾ? ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ನಿಲ್ಲುವುದಿಲ್ಲ, ತಡೆಯಾಜ್ಞೆಯ ಪ್ರತಿ ತೋರಿಸು ಅನ್ನಿ. ಅಪೀಲು ಇನ್ನೂ ಹಾಕಿಲ್ಲವಾದರೆ ಕೇವಿಯಟ್ (ಮುನ್ನೆಚ್ಚರಿಕೆ ಅರ್ಜಿ) ಹಾಕಿಡಿ, ನಿಮ್ಮನ್ನು ಕೇಳದೆ ತಡೆ ಕೊಡುವುದಿಲ್ಲ. ಕೇವಿಯಟ್ 90 ದಿನ ಮಾತ್ರ ಇರುತ್ತದೆ, ಮರೆಯಬೇಡಿ.

ಎಕ್ಸಿಕ್ಯೂಶನ್ ಆರು ತಿಂಗಳಲ್ಲಿ ಮುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ, ಅದೂ ಬೆಂಗಳೂರಿನ ಆಸ್ತಿಯ ಕೇಸಿನಲ್ಲೇ. ನೆಲದ ಮೇಲೆ ಹಾಗೆ ನಡೆಯುವುದು ಅಪರೂಪ, ಆದರೂ ಅರ್ಜಿಯಲ್ಲಿ ಆ ತೀರ್ಪು ಬರೆಸಿ. ಕೊನೆ ಗಳಿಗೆಯಲ್ಲಿ ಅವನ ಭಾವಮೈದ "ಇಲ್ಲಿರೋದು ನಾನು" ಅಂತ ಅಡ್ಡ ನಿಂತರೂ ಹೊಸ ಕೇಸ್ ಬೇಡ, ಅದೇ ಕೋರ್ಟು ಅದೇ ಅರ್ಜಿಯಲ್ಲಿ ತೀರ್ಮಾನಿಸುತ್ತದೆ. ಬಾಗಿಲು ಮುರಿಯಲು ಅನುಮತಿ, ಪೊಲೀಸ್ ನೆರವು ಎರಡನ್ನೂ ಮೊದಲೇ ಕೇಳಿಡಿ. ಇಲ್ಲದಿದ್ದರೆ ಖಾಲಿ ಮಾಡಿಸಲು ಬರುವ ಕೋರ್ಟ್ ಅಮೀನರು ಬೀಗ ನೋಡಿ ವಾಪಸ್ ಹೋಗುತ್ತಾರೆ, ನಿಮಗೆ ಇನ್ನೊಂದು ತಾರೀಖು. ಅವರು ಬರುವ ದಿನ ಬೀಗ ರಿಪೇರಿಯವನನ್ನು ಕರೆದುಕೊಂಡು ಹೋಗಿ, ಒಂದು ಹೊಸ ಬೀಗ ಜೇಬಲ್ಲಿರಲಿ.