ಚಿತ್ರವನ್ನು ನೆಟ್ಟಗೆ ಮಾಡುವವರು ಯಾರು?

ಓದುಗರ ಪತ್ರ: ಕಣ್ಣಿನೊಳಗೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಮೆದುಳು ಅದನ್ನು ತಿರುಗಿಸಿ ನೆಟ್ಟಗೆ ಮಾಡುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೆದುಳಿನ ಯಾವ ಭಾಗ ಈ ಕೆಲಸ ಮಾಡುತ್ತದೆ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿದ ಮೇಲೆ ನಮ್ಮ ಆ ಸಾಲೇ ತಪ್ಪು ಎಂದು ಗೊತ್ತಾಯಿತು. ಕ್ಷಮೆ ಇರಲಿ. ಚಿತ್ರವನ್ನು ತಿರುಗಿಸುವ ಭಾಗ ಅಂತ ಮೆದುಳಿನಲ್ಲಿ ಯಾವುದೂ ಇಲ್ಲ. ತಿರುಗಿಸುವ ಅಗತ್ಯವೂ ಇಲ್ಲ. ತಲೆಯೊಳಗೆ ಒಂದು ಪರದೆ ಇದ್ದು, ಅದರ ಮುಂದೆ ಯಾರೋ ಕೂತು ನೋಡುತ್ತಿದ್ದರೆ ಚಿತ್ರ ನೆಟ್ಟಗಿರಬೇಕಿತ್ತು, ಅಲ್ವಾ? ಅಲ್ಲಿ ಪರದೆಯೂ ಇಲ್ಲ, ನೋಡುವವರೂ ಇಲ್ಲ.

ಕಣ್ಣಿನ ಹಿಂಬದಿಯ ಪದರವಾದ ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು 10 ಕೋಟಿಗೂ ಜಾಸ್ತಿ. ಅಲ್ಲಿಂದ ಹೊರಡುವ ನರದ ಎಳೆಗಳು ಸುಮಾರು 10 ಲಕ್ಷ ಮಾತ್ರ. ಅಂದರೆ ಕಣ್ಣೇ ಮೊದಲು ಸೋಸಿ ಕಳಿಸುತ್ತದೆ. ಆ ಸಂಕೇತಗಳು ಮೆದುಳಿನ ನಡುವೆ ಇರುವ ಥಾಲಮಸ್ ಎಂಬ ಭಾಗ ದಾಟಿ, ತಲೆಯ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್ (ನೋಟಕ್ಕೆ ಮೀಸಲಾದ ಮೆದುಳಿನ ಹೊರಪದರ) ಸೇರುತ್ತವೆ. ಎಡಗಡೆ ಕಾಣುವುದು ಮೆದುಳಿನ ಬಲ ಅರ್ಧಕ್ಕೆ, ಬಲಗಡೆಯದು ಎಡ ಅರ್ಧಕ್ಕೆ. ಕಂಡ ದೃಶ್ಯಕ್ಕೆ ಅಲ್ಲಿರುವ ನಕ್ಷೆ ಕೂಡ ತಲೆಕೆಳಗೇ ಇದೆ! ನೇರ ದಿಟ್ಟಿಸಿದ ಪುಟ್ಟ ಜಾಗಕ್ಕೆ ಅದರಲ್ಲಿ ದೊಡ್ಡ ಪಾಲು, ಸುತ್ತಲಿನದಕ್ಕೆಲ್ಲ ಚೂರುಪಾರು.

ದೃಷ್ಟಿ ಕಾರ್ಟೆಕ್ಸ್ ಒಳಗಿನ ನರಕೋಶಗಳು ಏನನ್ನು ಹುಡುಕುತ್ತವೆ ಎನ್ನುವುದು ನನಗೆ ತುಂಬ ಇಷ್ಟವಾದ ಕಥೆ. 1950ರ ದಶಕದ ಕೊನೆಯಲ್ಲಿ ವಿಜ್ಞಾನಿಗಳಾದ ಡೇವಿಡ್ ಹ್ಯೂಬೆಲ್ ಮತ್ತು ಟಾರ್‌ಸ್ಟೆನ್ ವೀಸೆಲ್ ಬೆಕ್ಕಿನ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಒಂದೊಂದೇ ನರಕೋಶದ ಮಿಡಿತ ಆಲಿಸುತ್ತಿದ್ದರು. ಗಾಜಿನ ಸ್ಲೈಡ್‌ನಲ್ಲಿದ್ದ ಚುಕ್ಕಿಯನ್ನು ಪರದೆಯ ಮೇಲೆ ತೋರಿಸಿದರು. ಕೋಶ ತೆಪ್ಪಗಿತ್ತು. ಸ್ಲೈಡ್ ತೂರಿಸುವಾಗ ಅದರ ಅಂಚಿನ ತೆಳು ನೆರಳು ಪರದೆಯ ಮೇಲೆ ಸರಿಯಿತು. ಕೋಶ ಪಟಪಟ ಮಿಡಿಯತೊಡಗಿತು. ಅದಕ್ಕೆ ಬೇಕಿದ್ದದ್ದು ಚುಕ್ಕಿಯಲ್ಲ, ಒಂದು ನಿರ್ದಿಷ್ಟ ಓರೆಯಲ್ಲಿರುವ ಗೆರೆ. ಬೇರೆ ಕೋಶಕ್ಕೆ ಬೇರೆ ಓರೆ. 1981ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಗೆರೆ ಒಂದು ಕಡೆಯಾದರೆ ಬಣ್ಣ, ಮುಖ, ಚಲನೆಗೆ ಮುಂದೆ ಬೇರೆ ಬೇರೆ ತಾಣಗಳಿವೆ. ಮೆದುಳಿಗೆ ಹಾನಿಯಾಗಿ ಚಲನೆಯನ್ನಷ್ಟೇ ಕಾಣಲಾಗದ ಮಹಿಳೆಯೊಬ್ಬರ ಬಗ್ಗೆ 1983ರಲ್ಲಿ ವರದಿ ಬಂತು. ಸುರಿಯುತ್ತಿರುವ ಚಹಾ ಅವರಿಗೆ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು. ಕಪ್ ತುಂಬುತ್ತಿರುವುದು ತಿಳಿಯುತ್ತಿರಲಿಲ್ಲ.

ಹಾಗಾದರೆ 'ಮೇಲೆ' ಎಂದರೇನು? ಕೈ ಯಾವ ಕಡೆ ಚಾಚಿದರೆ ವಸ್ತು ಸಿಗುತ್ತದೆ, ಕಾಲು ಯಾವ ಕಡೆ ಊರುತ್ತದೆ ಎಂಬುದರ ಜೊತೆ ಹೊಂದಿಕೊಂಡ ಲೆಕ್ಕ ಅದು. 1890ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರಾಟನ್ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಎಲ್ಲವನ್ನೂ ತಲೆಕೆಳಗು ಮಾಡುವ ಮಸೂರ ಕಟ್ಟಿಕೊಂಡು ದಿನಗಟ್ಟಲೆ ಇದ್ದರು. ಮೊದಮೊದಲು ಕೈ ತಪ್ಪು ಕಡೆಗೇ ಹೋಗುತ್ತಿತ್ತು. ಕೆಲವು ದಿನಗಳಲ್ಲಿ ಕೈಕಾಲು ಪಳಗಿದವು. ಮಸೂರ ತೆಗೆದ ಮೇಲೆ ಮತ್ತೆ ಗಲಿಬಿಲಿ.

ಒಂದು ಮಾತು ಗಮನಿಸಿ. ಆ ಮಸೂರದಿಂದಾಗಿ ಅವರ ರೆಟಿನಾ ಮೇಲೆ ಚಿತ್ರ ನೆಟ್ಟಗೇ ಬೀಳುತ್ತಿತ್ತು. ಆದರೂ ಮೊದಲ ದಿನ ಅವರಿಗೆ ಲೋಕವೆಲ್ಲ ತಲೆಕೆಳಗಾಗಿ ಕಂಡಿತ್ತು.